ಮೂವತ್ತೆಂಟು ಸೆಕೆಂಡು ತಡವಾದ ಟಿವಿ

ಟಿವಿ ಕೊಳ್ಳಲು ಬಂದವರನ್ನು ನಾನು ಮೊದಲು ಕೇಳುವುದು ಇಂಚಿನ ಬಗ್ಗೆ ಅಲ್ಲ, ಕುರ್ಚಿಯ ಬಗ್ಗೆ. ಯಾರು ಎಲ್ಲಿ ಕೂತು ನೋಡುತ್ತಾರೆ, ಗೋಡೆಯಿಂದ ಎಷ್ಟು ಅಡಿ ದೂರ, ಕಿಟಕಿ ಯಾವ ಬದಿಗೆ, ರಿಮೋಟ್ ಯಾರ ಕೈಯಲ್ಲಿರುತ್ತದೆ. ಇಷ್ಟು ಗೊತ್ತಾದರೆ ಮಿಕ್ಕಿದ್ದೆಲ್ಲ ಸುಲಭ. ಮಿಜಾರಿನ ಟೀಚರ್ ಬಂದ ದಿನ ನಾನು ಇದರಲ್ಲಿ ಅರ್ಧ ಮಾತ್ರ ಕೇಳಿದೆ. ಕೇಳದೆ ಬಿಟ್ಟ ಇನ್ನರ್ಧಕ್ಕಾಗಿ ಆಮೇಲೆ ಮೂರು ಊರು ತಿರುಗಿದೆ.

ನಾನಿದ್ದದ್ದು ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಶೋರೂಮಿನಲ್ಲಿ. ಸೇರಿ ಮೂರು ತಿಂಗಳಾಗಿತ್ತಷ್ಟೆ. ಅದಕ್ಕೂ ಮೊದಲು ಬಂಟ್ವಾಳ ಪೇಟೆಯಲ್ಲಿ ಅಣ್ಣನೂ ನಾನೂ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆವು. ಒಂದು ಬೆಳಿಗ್ಗೆ ಅಣ್ಣ ಚಹಾದ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಹದಿಮೂರನೆಯ ದಿನದ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ಅಂಗಡಿಯ ಶಟರ್ ಎಳೆದವನು ಮತ್ತೆ ಅತ್ತ ಹೋಗಲಿಲ್ಲ. ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಮನೆಯವಳು ಕಾದಳು, ನಾನೂ ಕಾದೆ. ಸಾರಿಗೆ ಉಪ್ಪು ಸರಿ ಇದೆಯೇ ಎಂದು ಅವಳು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಹೇಗಿರುತ್ತದೋ ನನ್ನ ಇಡೀ ಮೈ ಹಾಗಿತ್ತು.

ಟೀಚರ್ ಎಂದರೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವರು, ನಲವತ್ತೈದರ ಆಸುಪಾಸು. ಅಪ್ಪ ಅಮ್ಮನಿಗೆ ಒಂದು ಟಿವಿ ಬೇಕು, ತೀರಾ ದುಬಾರಿಯೂ ಬೇಡ, ಕೊಟ್ಟ ಹಣ ದಂಡವೂ ಆಗಬಾರದು ಅಂದರು. ಅವರ ತಮ್ಮ ದುಬೈಯಲ್ಲಿದ್ದಾನೆ. ವಿಡಿಯೋ ಕಾಲ್ ಹಾಕಿ ಫೋನನ್ನು ಒಂದೊಂದೇ ಟಿವಿಯ ಮುಂದೆ ಹಿಡಿದು ತೋರಿಸುತ್ತಾ ಬಂದರು. ಹೆಣ್ಣು ನೋಡಲು ಬಂದವರ ಹಾಗೆ ತಮ್ಮ ಅಲ್ಲಿಂದಲೇ ಒಂದೊಂದಕ್ಕೂ ಒಂದೊಂದು ಕೊರತೆ ಹೇಳುತ್ತಿದ್ದ.

ಶೋರೂಮಿನಲ್ಲಿ ಎಲ್ಲ ಟಿವಿಯೂ ಚಂದವೇ. ಬಣ್ಣವನ್ನೂ ಬೆಳಕನ್ನೂ ತುದಿಗೇರಿಸಿ, ಗಿಳಿ, ಜಲಪಾತ, ಹಣ್ಣಿನ ತಟ್ಟೆ ಇದನ್ನೇ ದಿನವಿಡೀ ತಿರುಗಿಸುತ್ತಿರುತ್ತಾರೆ. ನಾನು ಅದನ್ನು ಆರಿಸಿ ಸಾಧಾರಣ ಬೆಳಕಿಗೆ ತಂದು ವಾರ್ತೆ ಹಾಕಿ ತೋರಿಸಿದೆ. ಎಂಟು ಅಡಿ ದೂರಕ್ಕೆ ನಲವತ್ಮೂರು ಇಂಚು ಧಾರಾಳ, ಉಳಿದ ಹಣದಲ್ಲಿ ಬೇರೆ ಸ್ಪೀಕರ್ ತೆಗೆದುಕೊಳ್ಳಿ, ತೆಳ್ಳಗಿನ ಟಿವಿಗಳ ಸ್ಪೀಕರ್ ಕೆಳಮುಖವಾಗಿರುತ್ತದೆ, ಪ್ರಾಯದವರಿಗೆ ಮಾತು ಬಿಡಿಸಿ ಕೇಳುವುದಿಲ್ಲ ಅಂದೆ. ತಮ್ಮ ಒಪ್ಪಲಿಲ್ಲ. ಅಮ್ಮನ ಕಣ್ಣು ಸ್ವಲ್ಪ ಮಂಜು, ಆದ್ದರಿಂದ ಐವತ್ತೈದು ಇಂಚೇ ಇರಲಿ. ಮನೆಯಲ್ಲಿ ಅಕ್ಕನ ಇಂಟರ್ನೆಟ್ ಹೇಗೂ ಇದೆ, ಚಾನೆಲ್‌ಗಳೆಲ್ಲ ಅದರಲ್ಲೇ ಬರುತ್ತವೆ, ಮತ್ತೆ ಡಿಶ್ಶಿಗೆ ರೀಚಾರ್ಜ್ ಯಾಕೆ, ಅದನ್ನು ಕಿತ್ತುಹಾಕಿ ಅಂದ. ರಿಮೋಟಿಗೆ ಬಾಯಲ್ಲಿ ಹೇಳಿದರೆ ಚಾನೆಲ್ ಬರುತ್ತದೆ, ಗುಂಡಿ ಹುಡುಕುವ ಕಷ್ಟವೂ ಅಮ್ಮನಿಗೆ ಇಲ್ಲ. ಕೇಳಲು ಎಲ್ಲವೂ ಸರಿಯೇ. ಅಣ್ಣನಿದ್ದಿದ್ದರೆ ಅರ್ಧ ಗಂಟೆ ವಾದ ಹೂಡುತ್ತಿದ್ದ. ನನಗೆ ವಾದ ಮಾಡಿ ಆಗಬೇಕಾದ್ದೇನೂ ಇರಲಿಲ್ಲ. ಫಾರಂನಲ್ಲಿ ವಿಳಾಸ ಬರೆದುಕೊಂಡೆ: ಮಿಜಾರು. ಅಪ್ಪ, ಅಮ್ಮ ಎಂದ ಮೇಲೆ ಒಂದೇ ಮನೆ, ಒಂದೇ ಟಿವಿ ಎಂದು ನಾನೇ ತಿಳಿದುಕೊಂಡೆ.

ಟಿವಿ ಕೂರಿಸಲು ಹೋದದ್ದು ಒಂದು ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ. ಟೀಚರ್ ಕಾಲೇಜಿಗೆ ಹೋಗಿಯಾಗಿತ್ತು. ಮನೆಯಲ್ಲಿ ಅವರ ಅಮ್ಮ ಒಬ್ಬರೇ. ಎಪ್ಪತ್ನಾಲ್ಕು ದಾಟಿದ, ನೆಟ್ಟಗೆ ನಡೆಯುವ ಹೆಂಗಸು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲೇ, ಬರೆಯುವಾಗ ಅದು ಕನ್ನಡವಾಗುತ್ತದೆ.

ಗೋಡೆ ಕೆಂಪುಕಲ್ಲಿನದ್ದು. ಈ ಗೋಡೆಗೆ ಡ್ರಿಲ್ ಹಾಕುವುದು ಸಿಮೆಂಟಿನ ಗೋಡೆಗೆ ಹಾಕಿದಂತಲ್ಲ. ಗಾರೆ ದಾಟಿದ ಕೂಡಲೇ ಬೆಲ್ಲದ ಪುಡಿಯ ಹಾಗೆ ಉದುರುತ್ತದೆ, ಪ್ಲಾಸ್ಟಿಕ್ ಪ್ಲಗ್ ಹಾಕಿದರೆ ನಾಲ್ಕು ದಿನದಲ್ಲಿ ಸಡಿಲ. ನಾನು ಉದ್ದದ ಬೋಲ್ಟ್ ಒಯ್ದಿದ್ದೆ. ರಂಧ್ರಕ್ಕೆ ಸಿಮೆಂಟ್ ಪಾಯಸ ತುಂಬಿ, ಬೋಲ್ಟ್ ಕೂರಿಸಿ, ಗಟ್ಟಿಯಾಗಲು ಬಿಟ್ಟು, ಆ ಹೊತ್ತಿನಲ್ಲಿ ಮೇಲೆ ಹತ್ತಿ ತಾರಸಿಯ ಕಟ್ಟೆಯಿಂದ ಡಿಶ್ಶನ್ನು ಕಳಚಿ ತಂದು ಬಾವಿಕಟ್ಟೆಗೆ ಒರಗಿಸಿಟ್ಟೆ. ಸೆಟ್‌ಟಾಪ್ ಬಾಕ್ಸನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಅಟ್ಟದಲ್ಲಿಟ್ಟೆ. ಹಳೆಯ ಇಪ್ಪತ್ನಾಲ್ಕು ಇಂಚಿನ ಟಿವಿ ಎಕ್ಸ್‌ಚೇಂಜಿಗೆ ಹೋಗುವುದು, ಅದನ್ನು ವ್ಯಾನಿಗೆ ಹಾಕಿದೆ.

ಅಮ್ಮ ಕಾಫಿ ತಂದರು. ಲೋಟವನ್ನು ನನ್ನ ಕೈಗಿಂತ ಒಂದು ಗೇಣು ಎಡಕ್ಕೆ ಹಿಡಿದಿದ್ದರು. ನಾನೇ ಕೈ ಚಾಚಿ ತೆಗೆದುಕೊಂಡೆ. ಯಜಮಾನರು ಎಲ್ಲಿ ಎಂದು ಮಾತಿಗೆ ಕೇಳಿದೆ. ಅವರು ಕಕ್ಕಿಂಜೆಯಲ್ಲಿ, ಅವರ ಅಕ್ಕನ ಮನೆಯಲ್ಲಿ, ಮೂರು ವರ್ಷವಾಯಿತು, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾರೆ ಅಂದರು. ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ಇದು ಕೇಳಿ ಹುಬ್ಬೇರಿಸುವ ಸಂಗತಿ ಅಲ್ಲ. ಗಂಡಸು ಹೆಂಡತಿಯ ಮನೆಯಲ್ಲಿ ಇಡೀ ಆಯುಷ್ಯ ಕಳೆದರೂ ಅವನ ಮನೆ ಎಂದರೆ ಅಕ್ಕತಂಗಿಯರ ಮನೆ. ಆ ಅಕ್ಕ ಬಿದ್ದು ಸೊಂಟ ಮುರಿದುಕೊಂಡರು, ಅವರ ಮಕ್ಕಳು ದೂರದಲ್ಲಿದ್ದಾರೆ, ತಮ್ಮನಾದ ಯಜಮಾನರು ಹೋಗಿ ನಿಂತರು. ಅಷ್ಟೇ. ಅಪ್ಪ ಅಮ್ಮ ಎರಡು ಮನೆ ಎಂಬುದು ನನಗೆ ಆಗ ತಿಳಿಯಿತು. ತಿಳಿದೂ ಏನೂ ಯೋಚಿಸಲಿಲ್ಲ. ಸ್ಪಿರಿಟ್ ಲೆವೆಲ್ ಇಟ್ಟು ಗುಳ್ಳೆ ನಡುವೆ ನಿಂತಿದೆಯೇ ಎಂದು ನೋಡುತ್ತಿದ್ದೆ.

ಅವರ ಕುರ್ಚಿ ಟಿವಿಗೆ ಎದುರಾಗಿರಲಿಲ್ಲ. ಕಿಟಕಿಯ ಬದಿಯಲ್ಲಿ, ಗೋಡೆಗೆ ಅಡ್ಡವಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಚಾರ್ಜಿಗೆ ಹಾಕಿದ ಒಂದು ಸಣ್ಣ ಗುಂಡಿ ಫೋನು. ಇಷ್ಟು ದೊಡ್ಡ ಟಿವಿ ಹಾಕಿ ಓರೆಯಾಗಿ ಕೂರುವುದೇ ಎಂದು ನಾನು ಕುರ್ಚಿಯನ್ನು ಎತ್ತಿ ಸರಿಯಾಗಿ ಎದುರಿಗೆ, ಎಂಟು ಅಡಿಗೆ ಇಟ್ಟೆ. ಕೆಲಸ ಅಚ್ಚುಕಟ್ಟಾಗಿ ಮಾಡುವ ಅಭ್ಯಾಸ ಕೈಗೆ ಇತ್ತು, ಅದಕ್ಕೆ ನಾನು ಬೇಕಾಗಿರಲಿಲ್ಲ. ಚಿತ್ರ ಹಾಕಿ ಹೇಗಿದೆ ಎಂದು ಕೇಳಿದೆ.

"ಚಂದ ಉಂಟು," ಅಂದರು ಅಮ್ಮ. ನಾನು ಸಹಿ ಹಾಕಿಸಲು ಫಾರಂ ಚಾಚಿದೆ. ಮಗಳು ಬಂದ ಮೇಲೆ ಹಾಕುತ್ತಾಳೆ ಅಂದರು.

ಐದನೆಯ ದಿನ ಟೀಚರ್ ಫೋನು ಮಾಡಿದರು. ಅಮ್ಮ ಟಿವಿ ಹಾಕುವುದೇ ಇಲ್ಲವಂತೆ. ಕೇಳಿದರೆ ಚಂದ ಉಂಟು ಎನ್ನುತ್ತಾರೆ, ಹಾಕುವುದಿಲ್ಲ. ಸೌಂಡಿನಲ್ಲಿ ಏನಾದರೂ ತೊಂದರೆ ಇರಬಹುದೇ ಎಂದು ಅವರ ಸಂಶಯ. ಹೋದೆ. ಮಾತಿನ ಸ್ವರ ಎದ್ದು ಕೇಳುವ ಹಾಗೆ ಬದಲಿಸಿದೆ, ಟಿವಿಯ ಹಿಂದೆ ಸ್ವರ ಗೋಡೆಗೆ ಬಡಿದು ಗುಂಯ್‌ಗುಡದಂತೆ ಒಂದು ತುಂಡು ರಬ್ಬರ್ ಇಟ್ಟೆ. ವಾರ ಕಳೆದು ಮತ್ತೆ ಫೋನು. ಮತ್ತೆ ಹೋದೆ. ಈ ಸಲ ರಿಮೋಟನ್ನು ಅವರ ಕೈಗೆ ಕೊಟ್ಟು ಬಾಯಲ್ಲಿ ಚಾನೆಲ್ ಹೇಳಿಸಿದೆ. ಟಿವಿ ತುಳು ಉಚ್ಚಾರದ ಕನ್ನಡವನ್ನೂ ಪಾಪ ಅರ್ಥಮಾಡಿಕೊಂಡಿತು. ಎಲ್ಲ ಸರಿ ಇದೆಯಲ್ಲ ಅಮ್ಮ ಅಂದೆ. ಎಲ್ಲ ಸರಿ ಉಂಟು, ನೀವು ಪದೇ ಪದೇ ಬರುವುದು ಬೇಡ, ಬಿಸಿಲು ಎಂದರು. ಅವರ ಕುರ್ಚಿ ಮತ್ತೆ ಕಿಟಕಿಯ ಬದಿಗೆ ಹೋಗಿತ್ತು.

ಶೋರೂಮಿನ ಧಣಿ ಬ್ಯಾರಿ ಸಾಹೇಬರು, ಒಳ್ಳೆಯ ಮನುಷ್ಯ, ಆದರೆ ವ್ಯಾನಿನ ಡೀಸೆಲ್ಲಿನ ಲೆಕ್ಕ ಅವರಿಗೆ ಬಾಯಿಪಾಠ. ಎರಡು ಸಲ ಹೋಗಿ ಏನೂ ಸಿಗದಿದ್ದರೆ ಪೀಸ್ ಬದಲಿಸಿಬಿಡು ಮಾರಾಯ ಅಂದರು. ಬದಲಿಸಿದರೆ ಏನೂ ಆಗದು ಎಂದು ನನಗೆ ಗೊತ್ತಿತ್ತು. ಟಿವಿಯಲ್ಲಿ ದೋಷವಿರಲಿಲ್ಲ. ಆದರೂ ಆಗಲಿ ಅಂದೆ.

ಅಷ್ಟರಲ್ಲಿ ಇನ್ನೊಂದು ಫೋನು ಬಂತು, ಈ ಸಲ ಕಕ್ಕಿಂಜೆಯಿಂದ. ಟೀಚರರ ಅಪ್ಪ. ಮಿಜಾರಿಗೆ ಬಂದಾಗ ಬಿಲ್ಲಿನಿಂದ ನಂಬರು ತೆಗೆದು, ಯಾರಿಗೂ ಹೇಳದೆ ಮಾಡಿದ್ದರು. ನೀವು ಮಿಜಾರಿನಲ್ಲಿ ಹಾಕಿದ ಟಿವಿ ಹಿಂದೆ ಬಿದ್ದಿದೆ, ಅದನ್ನು ಮುಂದೆ ಮಾಡಿ ಕೊಡಬೇಕು ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಟಿವಿ ಹೇಗೆ ಹಿಂದೆ ಬೀಳುತ್ತದೆ ಎಂದರೆ ಅವರು, "ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿಗೆ ಬನ್ನಿ, ತೋರಿಸ್ತೇನೆ," ಅಂದು ಫೋನು ಇಟ್ಟರು. ಮರುದಿನ ಬೆಳ್ತಂಗಡಿಯ ನಮ್ಮ ಇನ್ನೊಂದು ಅಂಗಡಿಯಿಂದ ಚಾರ್ಮಾಡಿ ರಸ್ತೆಗೆ ಒಂದು ಫ್ರಿಜ್ ಹೋಗುವುದಿತ್ತು. ಅದೇ ವ್ಯಾನಿನಲ್ಲಿ ಕೂತೆ.

ಎಪ್ಪತ್ತೆಂಟರ ಮುದುಕರು, ನನಗಿಂತ ಗಟ್ಟಿ ತೋಳು. ದಿನಕ್ಕೆ ನಾಲ್ಕು ಸಲ ಅಕ್ಕನನ್ನು ಮಂಚದಿಂದ ಎತ್ತಿ ಕೂರಿಸಿ ಮಲಗಿಸಿ ಬಂದ ತೋಳು ಅದು. ಅಕ್ಕ ಹಜಾರದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎದುರಿಗೆ ಒಂದು ಇಪ್ಪತ್ನಾಲ್ಕು ಇಂಚಿನ ಟಿವಿ, ನಾನು ಮಿಜಾರಿನಿಂದ ಹೊತ್ತು ತಂದದ್ದರ ಜೋಡಿ. ಬಾಕ್ಸೂ ಅದೇ ಕಂಪೆನಿಯದ್ದು. ಮೂರು ವರ್ಷದ ಹಿಂದೆ ಇಲ್ಲಿಗೆ ಬರುವಾಗ ಎರಡೂ ಮನೆಗೆ ಒಂದೇ ಥರದ ಟಿವಿ, ಒಂದೇ ಥರದ ಡಿಶ್ ತಾನೇ ಹಾಕಿಸಿದ್ದು ಅಂದರು. ಎರಡಕ್ಕೂ ರೀಚಾರ್ಜ್ ಈಗಲೂ ಅವರೇ ಮಾಡುತ್ತಿದ್ದರು.

ಮೂರಕ್ಕೆ ಸರಿಯಾಗಿ ಮಿಜಾರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಅಂಗಿಯ ಕಿಸೆಗೆ ಇಳಿಸಿಕೊಂಡರು. ಟಿವಿಯಲ್ಲಿ ಹಿಂದಿನ ದಿನದ ಧಾರಾವಾಹಿಯ ಮರುಪ್ರಸಾರ. ಅತ್ತೆ, ಸೊಸೆ, ಒಂದು ಕಾಗದ. ಧಾರಾವಾಹಿಗಳಲ್ಲಿ ಮಾತಿಗಿಂತ ಸುಮ್ಮನಿರುವುದೇ ಹೆಚ್ಚು. ಒಬ್ಬರ ಮುಖ ತೋರಿಸುತ್ತಾರೆ, ಡಂ ಎನ್ನುತ್ತದೆ, ಇನ್ನೊಬ್ಬರ ಮುಖ ತೋರಿಸುತ್ತಾರೆ, ಮತ್ತೆ ಡಂ. ಮುದುಕರು ಕಿಸೆಯ ಕಡೆಗೆ ತಲೆ ಬಗ್ಗಿಸಿ ಹೇಳತೊಡಗಿದರು. ಸೊಸೆ ಮೆಟ್ಟಿಲು ಇಳಿದು ಬಂದಳು, ಕೈಯಲ್ಲಿ ಕಾಗದ ಉಂಟು, ಅತ್ತೆ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಾಳೆ.

"ಇಲ್ಲಿ ಇನ್ನೂ ಸಾಬೂನು," ಎಂದಿತು ಕಿಸೆ.

ನನಗೆ ತೋರಿಸಲೆಂದೇ ಅವತ್ತು ಹಾಕಿಸಿದ್ದ ಅಲ್ಲಿಯ ಟಿವಿಯಲ್ಲಿ ಇನ್ನೂ ಜಾಹೀರಾತೇ ಓಡುತ್ತಿತ್ತು. ನಾನು ಕೈಗಡಿಯಾರ ನೋಡಿಕೊಂಡೆ. ಇಲ್ಲಿ ಸೊಸೆ ಆಡಿದ ಮೊದಲ ಮಾತನ್ನು ಹಿಡಿದು ಎಣಿಸಿದೆ. ಅದೇ ಮಾತು ಕಿಸೆಯೊಳಗಿನಿಂದ ಮತ್ತೆ ಬರುವಾಗ ಮೂವತ್ತೆಂಟು ಸೆಕೆಂಡು. ಇನ್ನೊಂದು ಮಾತಿಗೆ ಎಣಿಸಿದೆ, ಮೂವತ್ತೆಂಟೇ. ಡಿಶ್ಶಿನಲ್ಲಿ ಬರುವುದಕ್ಕೂ ಇಂಟರ್ನೆಟ್ಟಿನಲ್ಲಿ ಬರುವುದಕ್ಕೂ ಇಷ್ಟು ಅಂತರ ಇದ್ದೇ ಇರುತ್ತದೆ. ಇಂಟರ್ನೆಟ್ಟಿನ ದಾರಿಯಲ್ಲಿ ಚಿತ್ರವನ್ನು ತುಂಡು ತುಂಡು ಮಾಡಿ, ಕೂಡಿಟ್ಟು, ಆಮೇಲೆ ಕಳಿಸುತ್ತಾರೆ. ನನಗೆ ಅದು ಮೊದಲೇ ಗೊತ್ತಿತ್ತು. ಒಂದು ಮನೆಯಲ್ಲಿ ಒಂದು ಟಿವಿ ನೋಡುವವರಿಗೆ ಅದರಿಂದ ಏನೂ ನಷ್ಟವಿಲ್ಲ.

"ನೋಡಿದ್ದನ್ನೆಲ್ಲ ಕಿಸೆಯಲ್ಲಿ ಇಟ್ಟುಕೊಂಡು ಅವಳ ಟಿವಿಯಲ್ಲಿ ಬಂದಾಗ ಹೇಳಬೇಕು," ಅಂದರು ಮುದುಕರು. "ನನ್ನ ಪ್ರಾಯಕ್ಕೆ ಅದು ಆಗ್ತದಾ? ಅದರೊಳಗೆ ಇಲ್ಲಿ ಮುಂದಿನದ್ದು ಬಂದಿರ್ತದೆ."

ಇವರೇಕೆ ಹೇಳಬೇಕು, ಅವರಲ್ಲಿ ಐವತ್ತೈದು ಇಂಚು ಇದೆಯಲ್ಲ ಎಂದು ನಾನು ಕೇಳಿದೆ. ಅವರು ಕಿಸೆಗೆ ತಲೆ ಬಗ್ಗಿಸಿ ಹೇಳುತ್ತಲೇ ಹೋದರು. ಧಾರಾವಾಹಿ ಮುಗಿದ ಮೇಲೆ ಫೋನು ಆರಿಸಿ, ವ್ಯಾನಿನವರೆಗೆ ನನ್ನ ಜೊತೆ ನಡೆದು ಬಂದರು.

"ಅವಳಿಗೆ ಕಾಣುವುದಿಲ್ಲ," ಅಂದರು. "ಒಂದು ವರ್ಷ ಆಯ್ತು. ಬಲಗಣ್ಣಲ್ಲಿ ಸ್ವಲ್ಪ ಬೆಳಕು ಉಂಟು, ಅಷ್ಟೆ."

ಮುದುಕರ ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ಮಕ್ಕಳಿಗೆ ಹೇಳಿ ಇಬ್ಬರೂ ಮಂಗಳೂರಿಗೆ ಹೋಗಿ ಬಂದಿದ್ದರು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇದ್ದ ಬೆಳಕು ಉಳಿಯಲು ಕಣ್ಣಿಗೆ ಔಷಧಿಯ ಹನಿ ಹಾಕಿ ಎಂದು ವೈದ್ಯರು ಹೇಳಿದ್ದರು. ಹನಿ ಹಾಕಿಕೊಳ್ಳುತ್ತಿದ್ದಾರೆ. ಹುಟ್ಟಿದ ಮನೆ, ಒಳಗೆ ಎಲ್ಲಿ ಏನಿದೆ ಎಂದು ಕೈಕಾಲಿಗೆ ಗೊತ್ತು. ಮಗಳು ಹೊರಡುವುದು ಎಂಟಕ್ಕೆ, ಬರುವುದು ಐದಕ್ಕೆ. ಮಂಜು ಎಂದು ಹೇಳಿ ಇಷ್ಟು ದಿನ ದೂಡಿದ್ದರು. ಯಾಕೆ ಮುಚ್ಚಿಡಬೇಕು ಎಂದೆ.

"ಗೊತ್ತಾದರೆ ಅವಳನ್ನು ಒಬ್ಬಳೇ ಬಿಡ್ತಾರಾ? ಮಗಳು ಕೆಲಸ ಬಿಡ್ತಾಳೆ, ಇಲ್ಲದಿದ್ದರೆ ನನ್ನನ್ನು ಇಲ್ಲಿಂದ ಎಬ್ಬಿಸ್ತಾರೆ. ಮತ್ತೆ ಅಕ್ಕನನ್ನು ಎತ್ತುವುದು ಯಾರು?" ವ್ಯಾನಿನ ಬಾಗಿಲು ಹಿಡಿದು, "ನಮಗೆ ಇದ್ದದ್ದು ಆ ಒಂದು ಗಂಟೆ," ಅಂದರು.

ಇದನ್ನು ಕೇಳಿ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ವ್ಯಾನು ಹತ್ತಿದೆ. ಬೆಳ್ತಂಗಡಿ ಮುಟ್ಟುವವರೆಗೂ ತಲೆಯೊಳಗೆ ಮೂವತ್ತೆಂಟರವರೆಗೆ ಎಣಿಕೆ ನಡೆಯುತ್ತಲೇ ಇತ್ತು, ಮುಗಿದ ಕೂಡಲೇ ಮತ್ತೆ ಒಂದರಿಂದ. ಗುರುವಾಯನಕೆರೆಯ ಹತ್ತಿರ ಬಂದಾಗ ಅಣ್ಣನ ನೆನಪಾಯಿತು. ಹಳೆಯ ಡಬ್ಬಿ ಟಿವಿಗಳನ್ನು ರಿಪೇರಿ ಮಾಡುವಾಗ ಸ್ಕ್ರೂ ತಿರುಗಿಸುವವನು ಹಿಂದೆ ಇರುತ್ತಾನೆ, ಚಿತ್ರ ಮುಂದೆ ಇರುತ್ತದೆ. ಎಲ್ಲ ಅಂಗಡಿಗಳಲ್ಲಿ ಎದುರಿಗೆ ಕನ್ನಡಿ ಇಡುತ್ತಾರೆ. ನಮ್ಮಲ್ಲೂ ಇತ್ತು, ಆದರೆ ನಾವು ಅದನ್ನು ನೋಡುತ್ತಿರಲಿಲ್ಲ. ನಾನು ಹಿಂದೆ ಕೂತು ತಿರುಗಿಸುತ್ತಿದ್ದೆ, ಅಣ್ಣ ಮುಂದೆ ನಿಂತು ಹೇಳುತ್ತಿದ್ದ. ಬತ್ತ್ಂಡ್ ಎಂದರೆ ಬಂತು, ಪೋಂಡ್ ಎಂದರೆ ಹೋಯಿತು. ಇಪ್ಪತ್ತೆರಡು ವರ್ಷ ಈ ಎರಡು ಮಾತಿನ ಮೇಲೆ ನಮ್ಮ ಅಂಗಡಿ ನಡೆದಿತ್ತು. ಹಿಂದೆ ಕೂತವನಿಗೆ ಆ ಮಾತು ಮೂವತ್ತೆಂಟು ಸೆಕೆಂಡು ತಡವಾಗಿ ಬಂದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಾರಿಗಳನ್ನು ಲೆಕ್ಕಹಾಕಿದೆ. ಕಕ್ಕಿಂಜೆಯಲ್ಲೂ ಇಂಟರ್ನೆಟ್ಟಿನಿಂದಲೇ ನೋಡುವಂತೆ ಮಾಡೋಣವೆಂದರೆ, ಘಟ್ಟದ ಬುಡ, ಅಲ್ಲಿ ಫೋನು ನಿಲ್ಲುವುದೇ ಕಷ್ಟ. ನಿಂತರೂ ಎರಡು ಮನೆಗೆ ಎರಡು ಥರ ತಡ. ಉಳಿದದ್ದು ಒಂದೇ: ಮಿಜಾರಿನ ಡಿಶ್ಶನ್ನು ಮತ್ತೆ ಮೇಲೇರಿಸಿ, ಅದೇ ಬಾಕ್ಸನ್ನು ದೊಡ್ಡ ಟಿವಿಗೆ ಕೊಡುವುದು. ಅರ್ಧ ದಿನದ ಕೆಲಸ. ತೊಡಕು ಕೆಲಸದಲ್ಲಿರಲಿಲ್ಲ. ಕಿತ್ತುಹಾಕಿಸಿದ ಡಿಶ್ ಮತ್ತೆ ಯಾಕೆ ಬಂತು ಎಂದು ಟೀಚರ್ ಕೇಳಿದರೆ ಏನು ಹೇಳುವುದು ಎಂಬುದರಲ್ಲಿತ್ತು.

ಸಾಹೇಬರಿಗೆ ಕಣ್ಣಿನ ವಿಷಯ ಬಿಟ್ಟು ಉಳಿದದ್ದು ಹೇಳಿದೆ. ನೆಟ್ ಸ್ಲೋ ಅಂತ ಹೇಳು, ಯಾರು ನೋಡ್ತಾರೆ ಅಂದರು. ಆ ಸುಳ್ಳು ಸುಲಭವಾಗಿತ್ತು. ಆದರೆ ಒಬ್ಬ ಹೆಂಗಸು ಕಣ್ಣು ಕಾಣದೆ ಬೆಳಗಿನಿಂದ ಸಂಜೆಯವರೆಗೆ ಗ್ಯಾಸ್ ಒಲೆಯ ಹತ್ತಿರ ಒಬ್ಬರೇ ಓಡಾಡುತ್ತಾರೆ. ಆ ಗುಟ್ಟಿಗೆ ನಾನೂ ಒಂದು ಬೋಲ್ಟ್ ಬಿಗಿದು ಬರುವುದೇ? ಹೇಳಿದರೆ ಮುದುಕರ ಅಕ್ಕ ಅನಾಥರಾಗುತ್ತಾರೆ, ಹೇಳದಿದ್ದರೆ ಈ ಅಮ್ಮನಿಗೆ ಏನಾದರೂ ಆದೀತು. ಬಹಳ ದಿನದ ಮೇಲೆ ನನಗೆ ಒಂದು ವಿಷಯ ಇಷ್ಟು ತಲೆ ತಿಂದದ್ದು. ಕೊನೆಗೆ ಕಕ್ಕಿಂಜೆಗೆ ಫೋನು ಮಾಡಿ ಹೇಳಿದೆ: ಡಿಶ್ ಹಾಕುತ್ತೇನೆ. ನಾನಾಗಿ ಯಾರಿಗೂ ಏನೂ ಹೇಳುವುದಿಲ್ಲ. ಆದರೆ ಟೀಚರ್ ನನ್ನನ್ನು ನೇರವಾಗಿ ಕೇಳಿದರೆ ಸುಳ್ಳು ಹೇಳಲಾರೆ. ಶನಿವಾರ ಬರುತ್ತೇನೆ, ಅವತ್ತು ಕಾಲೇಜು ಅರ್ಧ ದಿನ ಎಂದು ನಿಮ್ಮವರಿಗೂ ತಿಳಿಸಿ. ಮುದುಕರು, ಅವಳಲ್ಲಿ ಕೇಳುತ್ತೇನೆ ಅಂದರು.

ಡಿಶ್ ತಿರುಗಿಸಲು ಸಿಗ್ನಲ್ ಮೀಟರ್ ಬೇಕು. ಶೋರೂಮಿನಲ್ಲಿ ಗೋಡೆಗೆ ಟಿವಿ ಹಾಕುವ ಸಾಮಾನು ಮಾತ್ರ ಇತ್ತು. ಮೀಟರ್ ಇದ್ದದ್ದು ಬಂಟ್ವಾಳದ ಅಂಗಡಿಯಲ್ಲಿ. ಶುಕ್ರವಾರ ಸಂಜೆ ಹೋಗಿ ಶಟರ್ ಎತ್ತಿದೆ. ಅಣ್ಣನ ಸ್ಟೂಲು, ಅಣ್ಣನ ಕನ್ನಡಕದ ಪೆಟ್ಟಿಗೆ, ಧೂಳು ಹಿಡಿದ ಕನ್ನಡಿ. ಈಗಲಾದರೂ ಏನಾದರೂ ಆಗುತ್ತದೇನೋ ಎಂದು ಒಂದು ನಿಮಿಷ ನಿಂತೆ. ಆಗಲಿಲ್ಲ. ಮೀ​ಟರ್ ತೆಗೆದು ನೋಡಿದರೆ ಒಳಗಿನ ಬ್ಯಾಟರಿ ಸೋರಿ ಎಲ್ಲ ಹಸಿರುಗಟ್ಟಿತ್ತು. ಅದನ್ನು ಅಲ್ಲೇ ಇಟ್ಟು ಸ್ಪಾನರ್ ಮಾತ್ರ ತೆಗೆದುಕೊಂಡು ಬಂದೆ.

ಶನಿವಾರ ಹನ್ನೆರಡೂವರೆಗೆ ಮಿಜಾರಿಗೆ ಹೋದೆ. ಅಟ್ಟದಿಂದ ಬಾಕ್ಸ್ ಇಳಿಸಿ ಟಿವಿಗೆ ಜೋಡಿಸಿದೆ. ಕೇಬಲ್ಲಿನ ತುದಿ ಕಪ್ಪಾಗಿತ್ತು, ಕತ್ತರಿಸಿ ಹೊಸ ತುದಿ ಹಾಕಿದೆ. ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದರು.

"ಇವತ್ತು ಶನಿವಾರ ಅಮ್ಮ. ಟೀಚರ್ ಬೇಗ ಬರ್ತಾರೆ," ಅಂದೆ.

"ಗೊತ್ತುಂಟು," ಅಂದರು. "ಬರಲಿ."

ಮೀಟರ್ ಇಲ್ಲ, ಕೆಳಗೆ ಟಿವಿಯ ಹತ್ತಿರ ನಿಂತು ಯಾರಾದರೂ ಹೇಳಬೇಕು, ನೀವು ಹೇಳುತ್ತೀರಾ ಎಂದು ಕೇಳಿದೆ. ನೋಡಿ ಎಂದು ನಾನು ಹೇಳಲಿಲ್ಲ, ಅವರೂ ಕಾಣುವುದಿಲ್ಲ ಎಂದು ಹೇಳಲಿಲ್ಲ. ಸ್ವರ ಬಂದರೆ ಹೇಳಿದರೆ ಸಾಕಲ್ಲ ಅಂದರು. ಟಿವಿಯ ಮುಂದೆ ಹೋಗಿ, ಅದರ ಕೆಳಗಿನ ಅಂಚಿಗೆ ಎರಡು ಬೆರಳು ತಾಗಿಸಿ ನಿಂತರು.

ತಾರಸಿಯಲ್ಲಿ ಕಾಲಿಡಲಾಗದಷ್ಟು ಬಿಸಿಲು. ಹಳೆಯ ಕೊಳವೆಗೆ ಡಿಶ್ ಸಿಕ್ಕಿಸಿ, ನಟ್ಟನ್ನು ಅರ್ಧ ಬಿಗಿದು, ತುಕ್ಕಿನ ಹಳೆಯ ಗುರುತಿಗೆ ತಂದೆ. ಕೊಳವೆ ತುಸು ವಾಲಿದ್ದರಿಂದ ಗುರುತು ಕೆಲಸಕ್ಕೆ ಬರಲಿಲ್ಲ. ಇಂಥ ಹೊತ್ತಿನಲ್ಲಿ ಅವಸರ ಮಾಡಬಾರದು. ಕೂದಲೆಳೆಯಷ್ಟು ತಿರುಗಿಸಬೇಕು, ಐದು ಎಣಿಸಬೇಕು, ಬಾಕ್ಸಿಗೆ ಹಿಡಿದುಕೊಳ್ಳಲು ಸಮಯ ಕೊಡಬೇಕು, ಇಲ್ಲದಿದ್ದರೆ ಬಂದದ್ದೂ ದಾಟಿ ಹೋಗುತ್ತದೆ. ತಿರುಗಿಸಿದೆ, ಎಣಿಸಿದೆ. ಕೆಳಗಿನ ಕಿಟಕಿಯಿಂದ ಏನೂ ಇಲ್ಲ. ಇನ್ನೊಂದು ಎಳೆ. ಒಂದು ಚೂರು ಸಂಗೀತ ಕೇಳಿ ನಿಂತಿತು.

"ಪೋಂಡ್," ಎಂದರು ಅಮ್ಮ.

ಆಗಲೇ ಗೇಟು ತೆರೆದ ಸದ್ದಾಯಿತು. ಟೀಚರ್ ಹೆಗಲಲ್ಲಿ ಬ್ಯಾಗು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಮೇಲೆ ನನ್ನನ್ನು ನೋಡಿದರು, ಡಿಶ್ಶನ್ನು ನೋಡಿದರು, ಕಿಟಕಿಯೊಳಗೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, ಚಿತ್ರ ಬಂದಿದೆ, ಸಾಕು ಎಂಬಂತೆ ಕೈ ಎತ್ತಿದರು. ಸಿಗ್ನಲ್ ಅರೆಬರೆ ಸಿಕ್ಕಾಗ ಹಾಗಾಗುತ್ತದೆ: ಚಿತ್ರ ಪರದೆ ತುಂಬಾ ಬಂದು ಹೆಪ್ಪುಗಟ್ಟಿ ನಿಂತುಬಿಡುತ್ತದೆ, ಸ್ವರ ಇರುವುದಿಲ್ಲ. ಐವತ್ತೈದು ಇಂಚಿನ ತುಂಬಾ ಚಿತ್ರ, ಅದರ ಮುಂದೆ ಒಂದು ಗೇಣು ದೂರದಲ್ಲಿ ಅಮ್ಮ.

"ಇನ್ನೂ ಬರಲಿಲ್ಲ," ಎಂದು ಅಮ್ಮ ಒಳಗಿನಿಂದ ಹೇಳಿದರು. "ಇನ್ನು ಸ್ವಲ್ಪ ತಿರುಗಿಸು ಮಾರಾಯ."

ಟೀಚರ್ ಎತ್ತಿದ ಕೈ ಹಾಗೇ ನಿಂತಿತು. ನಿಧಾನವಾಗಿ ಕೆಳಗಿಳಿಯಿತು. ಅವರು ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟರು, ಒಳಗೆ ಹೋಗಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ನಾನು ಮುಖ ತಪ್ಪಿಸಿ ಸ್ಪಾನರ್ ಹಿಡಿದೆ. ಕೂದಲೆಳೆಯಷ್ಟು ತಿರುಗಿಸಿದೆ. ಒಂದು, ಎರಡು, ಮೂರು. ಸ್ವರ ಬಂತು. ನಿಂತಿತು. ಮತ್ತೆ ಬಂತು, ಈ ಸಲ ಹೋಗಲಿಲ್ಲ.

"ಬತ್ತ್ಂಡ್," ಅಂದರು ಅಮ್ಮ. "ಬತ್ತ್ಂಡ್, ಬತ್ತ್ಂಡ್. ಮುಟ್ಟಬೇಡ ಇನ್ನು."

ಅಣ್ಣನೂ ಹೀಗೆಯೇ ಮೂರು ಸಲ ಹೇಳುತ್ತಿದ್ದ. ನಾನು ತಾರಸಿಯ ಕಟ್ಟೆಗೆ ಕೈಕೊಟ್ಟು ಕೂತುಬಿಟ್ಟೆ. ಅಂಗೈ ಸುಟ್ಟಿತು. ಸುಡುತ್ತಿದೆ ಎಂದು ಗೊತ್ತಾಯಿತು. ಕಣ್ಣಲ್ಲಿ ನೀರು ಬಂದದ್ದು ಕೈ ಸುಟ್ಟದ್ದಕ್ಕೆ ಎಂದು ಹೇಳಿದರೂ ನಡೆಯುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ನಟ್ಟುಗಳನ್ನು ಪೂರ್ತಿ ಬಿಗಿದು, ಕೇಬಲ್ಲನ್ನು ಕೊಳವೆಗೆ ಸುತ್ತಿ ಕಟ್ಟಿ ಕೆಳಗಿಳಿದೆ.

ನಾನು ಒಳಗೆ ಬರುವಾಗ ಅಮ್ಮನೂ ಮಗಳೂ ಊಟಕ್ಕೆ ಕೂತಿದ್ದರು. ನನಗೂ ಬಡಿಸಿದರು. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. ಟೀಚರ್ ಅಮ್ಮನ ತಟ್ಟೆಯನ್ನೇ ನೋಡುತ್ತಿದ್ದರು, ಬೆರಳು ಮೊದಲು ಅಂಚು ಹುಡುಕಿ ಆಮೇಲೆ ಅನ್ನಕ್ಕೆ ಹೋಗುವುದನ್ನು.

ಇಬ್ಬರ ಟಿವಿಯೂ ಜೊತೆಗೆ ಓಡುತ್ತದೆಯೇ ಎಂದು ನೋಡದೆ ನಾನು ಹೊರಡುವಂತಿರಲಿಲ್ಲ. ಮೂರಕ್ಕೆ ಸ್ಟೂಲಿನ ಮೇಲಿನ ಫೋನು ಬಡಿಯಿತು. ಅಮ್ಮ ಸ್ಪೀಕರ್ ಹಾಕಿದರು. ಇಲ್ಲಿ ಸಂಗೀತ ಶುರುವಾಯಿತು, ಫೋನಿನಲ್ಲೂ ಶುರುವಾಯಿತು, ಬಾವಿಯೊಳಗೆ ಕೂಗಿದರೆ ಮರಳುವಷ್ಟೇ ಅಂತರ, ಅದು ಫೋನಿನದ್ದು. ಮುದುಕರು ಹೇಳತೊಡಗಿದರು. ಸೊಸೆ ಅಡುಗೆಮನೆಯಲ್ಲಿದ್ದಾಳೆ, ಕಾಗದ ಡಬ್ಬಿಯಲ್ಲಿ ಅಡಗಿಸಿಟ್ಟಳು. ಅಮ್ಮನ ಮುಖ ಕಿಟಕಿಯ ಕಡೆಗಿತ್ತು, ನಗುತ್ತಿದ್ದರು. ಟೀಚರ್ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳುತ್ತಿದ್ದರು.

ಹತ್ತು ನಿಮಿಷವಾಗಿರಬಹುದು. ಕಕ್ಕಿಂಜೆಯ ಲೈನು ತುಂಡಾಯಿತು, ಘಟ್ಟದ ಬುಡದಲ್ಲಿ ಅದು ದಿನದ ಪಾಡು. ಟಿವಿಯಲ್ಲಿ ಮಾತು ನಿಂತು, ಡಂ ಎಂದಿತು.

"ಯಾರು ಬಂದದ್ದು ಈಗ?" ಅಮ್ಮ ಫೋನಿಗೆ ಕೇಳಿದರು. ಫೋನು ಸತ್ತಿತ್ತು.

ಟೀಚರ್ ಬಂದು ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತರು.

"ಅತ್ತೆ," ಅಂದರು. "ಬಾಗಿಲಲ್ಲಿ ನಿಂತಿದ್ದಾರೆ. ಡಬ್ಬಿಯ ಕಡೆಯೇ ನೋಡ್ತಾ ಇದ್ದಾರೆ ಅಮ್ಮ."

ಅಮ್ಮ ಮಗಳ ಸ್ವರದ ಕಡೆಗೆ ಮುಖ ತಿರುಗಿಸಿದರು. ಕೈ ಮಡಿಲಲ್ಲಿ ಹಾಗೇ ಇತ್ತು. ಟಿವಿ ಇನ್ನೆರಡು ಸಲ ಡಂ ಎಂದಿತು.

"ಎಂತ ಸೀರೆ?" ಎಂದು ಕೇಳಿದರು ಕೊನೆಗೆ.

"ನೀಲಿ. ಜರಿಯ ಅಂಚು ಉಂಟು." ಟೀಚರ್ ನಿಲ್ಲಿಸಲಿಲ್ಲ. "ಸೊಸೆ ಈಗ ತಿರುಗಿದಳು."

ನಾನು ಸಾಮಾನಿನ ಚೀಲ ಎತ್ತಿಕೊಂಡು ಬಾಗಿಲವರೆಗೆ ಬಂದಿದ್ದೆ. ಫೋನು ಮತ್ತೆ ಬಡಿಯಿತು. ಕೇಳ್ತದಾ, ಎಲ್ಲಿವರೆಗೆ ಆಯ್ತು ಎಂದು ಮುದುಕರು ಅವಸರದಲ್ಲಿ ಕೇಳಿದರು.

"ಅವಸರ ಇಲ್ಲ," ಅಂದರು ಅಮ್ಮ. "ಅಕ್ಕನಿಗೆ ನೀರು ಕೊಟ್ಟು ಬನ್ನಿ. ಅಲ್ಲಿವರೆಗೆ ಇಲ್ಲಿ ಮಗಳು ಹೇಳ್ತಾಳೆ."

ಆ ಕಡೆ ಅವರು ಚೆಂಬು ತೆಗೆದ ಸದ್ದಾಯಿತು. ಆಮೇಲೆ ಅವರ ಟಿವಿಯ ಮಾತು ಮಾತ್ರ ಕೇಳುತ್ತಿತ್ತು, ಇಲ್ಲಿಯ ಮಾತಿನ ಜೊತೆಗೇ.